ನಾವೂ ನಕ್ಕಿದ್ದೆವು



ಹಾಸ್ಟೆಲಿನಲ್ಲಿ ನಮ್ಮ ಜೊತೆ ಒಬ್ಬ ಹುಡುಗ ಇದ್ದ. ನಡಿಗೆ ಮೆದು, ಮಾತು ಮೆದು. ಅವನನ್ನು ನಾವು ಹೆಸರು ಹಿಡಿದು ಕರೆಯಲಿಲ್ಲ, ‘ಹೆಣ್ಣಿಗ’ ಅಂದೆವು, ನಕ್ಕೆವು. ಊಟಕ್ಕೆ ಅವನ ಪಕ್ಕ ಯಾರೂ ಕೂಡಲಿಲ್ಲ. ಒಂದು ದಿನ ಟ್ರಂಕು ಹೊತ್ತು ಹೋದ. ಪರೀಕ್ಷೆಗೂ ಬರಲಿಲ್ಲ. ಯಾಕ ಹೊಂಟಿ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಪಂಕ್ತಿಭೇದ ಅಂದರೇನೆಂದು ನಮಗೆ ಯಾರೂ ಕಲಿಸಬೇಕಿಲ್ಲ. ಹೋಟೆಲಿನ ಹೊರಗೆ ಬೇರೆ ಇಟ್ಟ ಕಪ್ಪಿನಲ್ಲಿ ಚಹಾ ಕುಡಿದವರ ಮಕ್ಕಳು ನಾವು. ಅದೇ ಕಪ್ಪನ್ನು ಇನ್ನೊಬ್ಬನ ಮುಂದೆ ಇಟ್ಟೆವಲ್ಲ!

ಅಲೆಮಾರಿ ಜಾತಿಗಳನ್ನು ಹುಟ್ಟುಗಳ್ಳರೆಂದು ಪಟ್ಟಿ ಮಾಡಿದ 1871ರ ಕಾಯ್ದೆಯೇ ಹಿಜ್ರಾಗಳನ್ನೂ ಪಟ್ಟಿ ಮಾಡಿತು. ಒಂದೇ ಬೇಡಿ, ಎರಡು ಕೈ. ಸ್ವಾತಂತ್ರ್ಯ ಬಂದು ಅರವತ್ತು ವರ್ಷ ದಾಟಿದ ಮೇಲೆ, 2011ರಲ್ಲಿ, ಕರ್ನಾಟಕ ಪೊಲೀಸ್ ಕಾಯ್ದೆಗೆ ಅದೇ ವಾಸನೆಯ 36ಎ ಕಲಮು ಸೇರಿತು. ಅವರು ಹೋರಾಡಿದರು, 2016ರಲ್ಲಿ ಅದನ್ನು ತಿದ್ದಬೇಕಾಯಿತು. 2014ರಲ್ಲಿ ಸುಪ್ರೀಂ ಕೋರ್ಟು ತೃತೀಯ ಲಿಂಗವನ್ನು ಒಪ್ಪಿತು. ಬ್ರಿಟಿಷರು 1860ರಲ್ಲಿ ಬರೆದ 377ನೇ ಕಲಮಿನ ಹಲ್ಲನ್ನು 2018ರ ಸೆಪ್ಟೆಂಬರ್ 6ರಂದು ಕಿತ್ತಿತು: ಒಪ್ಪಿ ಕೂಡಿದ ವಯಸ್ಕರು ಅಪರಾಧಿಗಳಲ್ಲ. 2021ರಲ್ಲಿ ನಮ್ಮ ಸರ್ಕಾರ ನೇರ ನೇಮಕಾತಿಯಲ್ಲಿ ತೃತೀಯ ಲಿಂಗಿಗಳಿಗೆ ಶೇಕಡಾ 1 ಮೀಸಲಾತಿ ಕೊಟ್ಟಿತು, ಪರಿಶಿಷ್ಟರ ಪಾಲಿನ ಒಳಗೂ.

ಆದರೆ ಕಾಯ್ದೆ ಬಂದರೆ ಸಾಕೆ? ಅಸ್ಪೃಶ್ಯತೆ ಅಪರಾಧವೆಂದು 1955ರಲ್ಲೇ ಕಾಯ್ದೆಯಾಯಿತು. ಗುಡಿ ಬಾಗಿಲು ತೆರೆಯಿತೆ? ಕಾಗದದ ಹಕ್ಕಿಗೂ ಕೈಗೆ ಸಿಗುವ ಹಕ್ಕಿಗೂ ಎಷ್ಟು ಹರದಾರಿ ಅಂತ ನಮಗಿಂತ ಬಲ್ಲವರು ಯಾರು?

ನಿಪ್ಪಾಣಿ, ರಾಯಬಾಗ, ಅಥಣಿ ಕಡೆಯಿಂದ ಜನ ಸವದತ್ತಿಗೆ ಹೋಗುತ್ತಾರೆ. ಚೌಡಿಕೆ ಹಿಡಿದ ಜೋಗಪ್ಪ ಎದುರಾದರೆ ಕೈ ಮುಗಿಯುತ್ತಾರೆ. ಅದೇ ಜೋಗಪ್ಪ ಬಾಡಿಗೆ ಮನೆ ಕೇಳಿದರೆ? ‘ಮುಂದಕ ಹೋಗವ್ವ.’ ದೇವರ ಹೆಸರಲ್ಲಿ ಪೂಜೆ, ಮನುಷ್ಯಳಾಗಿ ಬಂದರೆ ಬಾಗಿಲು ಬಂದ್. ದೇವದಾಸಿಯರಾದ ನಮ್ಮ ಅವ್ವಂದಿರಿಗೆ ಮಾಡಿದ್ದೂ ಇದನ್ನೇ.

‘ಇದು ನಮ್ಮ ಚಳವಳಿಯ ವಿಷಯವಲ್ಲ’ ಅನ್ನುವ ಗೆಳೆಯರಿಗೆ ಒಂದು ಮಾತು. 1934ರಲ್ಲಿ ಮುಂಬಯಿಯಲ್ಲಿ ರ. ಧೋ. ಕರ್ವೆಯವರ ‘ಸಮಾಜಸ್ವಾಸ್ಥ್ಯ’ ಪತ್ರಿಕೆ ಮೇಲೆ ಅಶ್ಲೀಲತೆಯ ಖಟ್ಲೆ ನಡೆಯಿತು. ಓದುಗರು ಕಾಮದ ಬಗ್ಗೆ, ಸಲಿಂಗಕಾಮದ ಬಗ್ಗೆಯೂ, ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟದ್ದೇ ತಪ್ಪು! ಕರ್ವೆ ಪರ ಕೋಟು ಹಾಕಿ ನಿಂತವರು ಬಾಬಾಸಾಹೇಬರು. ಖಟ್ಲೆ ಸೋತಿತು. ಆದರೆ ಅವರು ನಾಚಲಿಲ್ಲ. ನಾವ್ಯಾಕೆ ನಾಚಬೇಕು?

ಇವತ್ತು ರಾತ್ರಿ ಊಟಕ್ಕೆ ಕೂತಾಗ ಸುತ್ತ ನೋಡಿ. ಒಬ್ಬನೇ ಕೂತವನಿದ್ದರೆ ತಾಟು ತಗೊಂಡು ಅವನ ಪಕ್ಕ ಹೋಗಿ. ಹೆಸರು ಹಿಡಿದು ಕರೆಯಿರಿ.

ಜೈ ಭೀಮ್.