ಕಟ್ಟು ಹಾಕಿಸುವ ಖರ್ಚು

ಜನವರಿಯ ಚಿತ್ರಸಂತೆಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯುದ್ದಕ್ಕೂ ಅಲೆದು, ಚೌಕಾಸಿ ಮಾಡಿ, ಒಂದು ಜಲವರ್ಣ ಚಿತ್ರವನ್ನು ಸುರುಳಿ ಸುತ್ತಿಸಿಕೊಂಡು ಬಂದವರಿಗೆ ಅಸಲಿ ಫಜೀತಿ ಶುರುವಾಗುವುದು ಮರುವಾರ, ಫ್ರೇಮಿನ ಅಂಗಡಿಯಲ್ಲಿ. ಎಷ್ಟೋ ಸಲ ಚಿತ್ರಕ್ಕೆ ಕೊಟ್ಟಿದ್ದಕ್ಕಿಂತ ಕಟ್ಟಿಗೇ ಹೆಚ್ಚು ಬೀಳುತ್ತದೆ. ಮೂಗಿಗಿಂತ ಮೂಗುತಿ ಭಾರ ಎಂದು ಗೊಣಗುತ್ತಾ ರೆಡಿಮೇಡ್ ಫ್ರೇಮ್ ಕೊಳ್ಳುವವರೇ ಬಹಳ. ಎ3, ಎ4 ಅಳತೆಯ ಪ್ರಿಂಟಿಗಾದರೆ ಅದು ಧಾರಾಳವಾಗಿ ಸಾಕು. ಬಣ್ಣ ಮಾಸಿದರೆ ಇನ್ನೊಂದು ಪ್ರಿಂಟು ತಂದರಾಯಿತು. ಕ್ಯಾನ್ವಾಸಿನ ತೈಲಚಿತ್ರಕ್ಕೂ ಸಾಮಾನ್ಯವಾಗಿ ಗಾಜು ಬೇಡ. ಸರಳ ಪಟ್ಟಿ ಹೊಡೆಸಿದರೆ ಮುಗಿಯಿತು.

ಆದರೆ ಕಲಾವಿದರು ಎ4 ಲೆಕ್ಕದಲ್ಲಿ ಬರೆಯುವುದಿಲ್ಲವಲ್ಲ! ಸಿದ್ಧ ಫ್ರೇಮಿಗೆ ಹೊಂದಿಸಲು ಕೆಳಗಿನ ಅಂಚಿಗೆ ನಾನೇ ಕತ್ತರಿ ಹಾಕಿ, ಸಹಿಯ ಅರ್ಧ ಕಳೆದವನು ನಾನು. ಕಾಗದದ ಮೇಲಿನ ಚಿತ್ರಕ್ಕೆ ಅಳತೆ ಕೊಟ್ಟು ಮಾಡಿಸಿದ ಕಟ್ಟಿನ ನಿಜವಾದ ಲಾಭ ಗಾಜಿನ ಹಿಂದಿರುತ್ತದೆ. ಸುತ್ತಲಿನ ಮೌಂಟ್ ಬೋರ್ಡ್ ಅಂದಕ್ಕಷ್ಟೇ ಅಲ್ಲ, ಚಿತ್ರ ಗಾಜಿಗೆ ತಾಗದಂತೆ ಸಂದು ಬಿಡುವುದು ಅದೇ. ಮಳೆಗಾಲದಲ್ಲಿ ಗಾಜಿನ ಒಳಮೈಗೆ ತೇವ ಕೂತು, ತಾಗಿದ ಬಣ್ಣ ಅಂಟಿಕೊಂಡರೆ ಬಿಡಿಸುವುದು ಕಷ್ಟ. ಮೈಸೂರು ಶೈಲಿಯ ಚಿತ್ರಕ್ಕಂತೂ ಇದು ಜೀವನ್ಮರಣದ ಮಾತು. ಸಫೇದ, ಮಕ್ಕಿ, ಅಂಟು ಕಲಸಿದ ಗೆಸ್ಸೊ ಎಂಬ ಲೇಪದಿಂದ ತುಸುವೇ ಉಬ್ಬಿಸಿ, ಮೇಲೆ ಚಿನ್ನದ ರೇಕು ಕೂರಿಸಿರುತ್ತಾರೆ. ಗಾಜು ಒತ್ತಿದರೆ ಮೊದಲು ಏಳುವುದು ದೇವಿಯ ಕಿರೀಟ. ತಂಜಾವೂರು ಚಿತ್ರದ ಉಬ್ಬು ಇನ್ನೂ ದಪ್ಪ. ಅದಕ್ಕೆ ಒಳಗೆ ಆಳವಿರುವ ಪೆಟ್ಟಿಗೆಯಂಥ ಕಟ್ಟೇ ಬೇಕು.

ಹಾಗೆಂದು ದುಬಾರಿ ಕಟ್ಟೆಲ್ಲ ಒಳ್ಳೆಯ ಕಟ್ಟಲ್ಲ. ನಾನು ಮೊದಲ ಸಲ ಹೇಳಿ ಮಾಡಿಸಿದ್ದಕ್ಕೆ ಅಗಲವಾದ ಚಿನ್ನದ ಬಣ್ಣದ ಬೀಡಿಂಗ್ ಇತ್ತು. ಕೆಲವು ಮಳೆಗಾಲ ಕಳೆದ ಮೇಲೆ ಬಿಚ್ಚಿಸಿದರೆ, ಮೌಂಟಿನ ಕಿಂಡಿಯ ಗುಂಟ ಚಿತ್ರದ ಮೇಲೆ ಕಂದು ಗೆರೆ; ಅಗ್ಗದ ರಟ್ಟಿನ ಆಮ್ಲ ಕಾಗದಕ್ಕೆ ಇಳಿದಿತ್ತು. ಹಿಂದೆ ನಾಲ್ಕೂ ಕಡೆ ಸೆಲ್ಲೋಟೇಪು, ಹಳದಿ ಕಲೆ. ಮಳೆಗೆ ಹಿಗ್ಗಿ ಬೇಸಿಗೆಗೆ ಕುಗ್ಗುವ ಕಾಗದವನ್ನು ಹಾಗೆ ಬಿಗಿದರೆ ಸುಕ್ಕಾಗದೆ ಏನು ಮಾಡೀತು? ಬಲ್ಲವರು ಮೇಲಂಚಿನಲ್ಲಿ ಮಾತ್ರ, ಜಪಾನಿ ಕಾಗದದ ಎರಡು ತುಂಡಿಗೆ ಗೋಧಿ ಪಿಷ್ಟದ ಗಂಜಿ ಸವರಿ ತೂಗುಬಿಡುತ್ತಾರೆ. ಬೇಕೆಂದಾಗ ನೀರು ಮುಟ್ಟಿಸಿ ಬಿಡಿಸಬಹುದು.

ಯುವಿ ಗಾಜಿನ ಬಗ್ಗೆ ಅಂಗಡಿಗಳಲ್ಲಿ ಜೋರು ಮಾತು. ಅದು ನೇರಳಾತೀತ ಕಿರಣವನ್ನು ತಡೆಯುವುದು ನಿಜ. ಆದರೆ ಕಣ್ಣಿಗೆ ಕಾಣುವ ಬೆಳಕೂ ಬಣ್ಣ ತಿನ್ನುತ್ತದೆ. ಪಡುವಣ ಕಿಟಕಿಯ ಎದುರಿನ ಗೋಡೆ ಬಿಟ್ಟು ಹಜಾರದ ಒಳಗೋಡೆಗೆ ತೂಗುಹಾಕಲು ಖರ್ಚೇ ಇಲ್ಲ. ಕೆಳಗಿನ ಮೂಲೆಗಳಿಗೆ ಎರಡು ಕಾರ್ಕ್ ಚೂರು ಅಂಟಿಸಿದರೆ ಹಿಂದೆ ಗಾಳಿಯೂ ಆಡುತ್ತದೆ.

ಮೊನ್ನೆ ಇನ್ನೊಂದು ಅಂಗಡಿಗೆ ಹೋದೆ. ಗೋಡೆ ತುಂಬ ಮೂಲೆ ಜೋಡಿಸಿದ ಬೀಡಿಂಗ್ ತುಂಡುಗಳು. ಯಜಮಾನರು ಒಂದೊಂದನ್ನೇ ತೆಗೆದು ಚಿತ್ರದ ಮೂಲೆಗೆ ಇಟ್ಟು ತೋರಿಸಿದರು. ನಾನು ತೆಳು ಕಟ್ಟೊಂದನ್ನು ಆರಿಸಿ, "ಇದು ಸಾಕು, ಒಳಗೆ ಮಾತ್ರ ಆಮ್ಲ ಇಲ್ಲದ ಬೋರ್ಡೇ ಹಾಕಿ" ಎಂದೆ.

"ಕಾಣದೇ ಇರೋದಕ್ಕೆ ಯಾಕ್ ಸಾರ್ ದುಡ್ಡು ಹಾಕ್ತೀರಾ?"

ಚೀಲದಿಂದ ಹಳೆಯ ಚಿತ್ರ ತೆಗೆದು ಕಂದು ಗೆರೆ ತೋರಿಸಿದೆ.