ವಿಮಾನಕ್ಕಿಂತ ಮೊದಲು ವಿಮಾನ ನಿಲ್ದಾಣ

ಚಿಕ್ಕ ಮಕ್ಕಳಿಗೆ ವಿಮಾನ ಅಂದರೆ ಹೆದರಿಕೆ ಅಂತ ನಾವು ದೊಡ್ಡವರು ಅಂದುಕೊಳ್ಳುತ್ತೇವೆ. ನಾನು ನೋಡಿದ ಮಟ್ಟಿಗೆ ಹಾಗೇನಿಲ್ಲ. ನಾಲ್ಕು ವರ್ಷದ ಮಗುವಿಗೆ ವಿಮಾನ ಎಂದರೆ ರೆಕ್ಕೆ ಇರುವ ಬಸ್ಸು, ಅಷ್ಟೇ. ಅದು ಕಂಗಾಲಾಗುವುದು ವಿಮಾನ ಹತ್ತುವ ಮೊದಲಿನ ಒಂದೂವರೆ ಗಂಟೆಯಲ್ಲಿ. ಅಪ್ಪ ಬಾಗಿಲ ಹೊರಗೇ ನಿಂತುಬಿಡುತ್ತಾರೆ. ಬಂದೂಕು ಹಿಡಿದವರೊಬ್ಬರು ಅಮ್ಮನ ಮುಖವನ್ನೇ ದಿಟ್ಟಿಸುತ್ತಾರೆ. ಕೈಯಲ್ಲಿದ್ದ ಗೊಂಬೆ ಒಂದು ಕಪ್ಪು ಪೆಟ್ಟಿಗೆಯೊಳಗೆ ಹೋಗಿಬಿಡುತ್ತದೆ. ‘ಎ ಫಾರ್ ಏರೋಪ್ಲೇನ್’ ಕಲಿಸುವ ಪುಸ್ತಕದಲ್ಲಿ ಇದ್ಯಾವುದೂ ಇಲ್ಲ.

ಮೊದಲ ಸಲ ಮಗುವನ್ನು ವಿಮಾನದಲ್ಲಿ ಕರೆದೊಯ್ಯುವಾಗ ಏನು ಹೇಳಿಕೊಡಬೇಕು ಎಂದು ಈ ಅಂಕಣ ಓದುವ ಇಬ್ಬರು ತಾಯಂದಿರು ಕೇಳಿದ್ದರು. ನಮ್ಮನೆಯಲ್ಲಿ ಮಾಡಿದ್ದನ್ನು ಬರೆಯುತ್ತೇನೆ.

ನನ್ನ ತವರು ಪುತ್ತೂರಿನ ಹತ್ತಿರ. ಬೆಂಗಳೂರಿನಿಂದ ನಮ್ಮದು ಯಾವಾಗಲೂ ರಾತ್ರಿ ಬಸ್ಸು, ಇಲ್ಲವೇ ರೈಲು. ಒಂದು ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಯಿತು. ಅದೇ ವಾರ ಅಮ್ಮನ ಕಣ್ಣಿನ ಆಪರೇಷನ್. ನಮ್ಮವರಿಗೆ ರಜೆ ಸಿಗಲಿಲ್ಲ. ನಾನು, ಮಗಳು ಇಬ್ಬರೇ ಮಂಗಳೂರಿಗೆ ವಿಮಾನದಲ್ಲಿ ಹೊರಟೆವು. ತಯಾರಿಗೆ ಐದು ದಿನ ಇತ್ತು.

ಮೊದಲು ಹೇಳಿದ್ದು ಟಾಟಾ ವಿಷಯ. ರೈಲಿಗೆ ಹೋದರೆ ಅಪ್ಪ ಬೋಗಿಯೊಳಗೇ ಬಂದು ಬ್ಯಾಗ್ ಇಟ್ಟು, ಇಳಿದು, ರೈಲು ಹೊರಡುವವರೆಗೂ ಕಿಟಕಿ ಹತ್ತಿರ ನಿಂತಿರುತ್ತಾರೆ. ಏರ್‌ಪೋರ್ಟಿನಲ್ಲಿ ಟಿಕೆಟ್ಟೂ ಗುರುತಿನ ಚೀಟಿಯೂ ಇದ್ದವರಷ್ಟೇ ಒಳಗೆ. “ಮತ್ತೆ ಕಿಟಕಿಯಿಂದ ಟಾಟಾ ಯಾರಿಗೆ ಮಾಡುದು?” ಅಂತ ಕೇಳಿದಳು. ಬಾಗಿಲ ಹತ್ತಿರವೇ ಮೂರು ಸಲ ಮಾಡುವುದು ಅಂತ ಒಪ್ಪಂದವಾಯಿತು. ಆ ದಿನ ನಾಲ್ಕು ಸಲ ಮಾಡಿದಳು. ಅತ್ತಳು ಕೂಡ, ಆದರೆ ನನ್ನ ಕೈ ಹಿಡಿದು ನಡೆಯುತ್ತಲೇ ಅತ್ತಳು.

ಎರಡನೆಯದು ಪೊಲೀಸರ ಸಂಗತಿ. ಇದನ್ನು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಊಟ ಮಾಡದಿದ್ದರೆ ಪೊಲೀಸ್ ಮಾಮನಿಗೆ ಹಿಡಿದುಕೊಡ್ತೇನೆ ಅಂತ ವರ್ಷಗಟ್ಟಲೆ ಹೆದರಿಸಿದ ಮಗುವನ್ನು ಒಂದು ದಿನ ಸಮವಸ್ತ್ರ ತೊಟ್ಟ ಸಿಐಎಸ್‌ಎಫ್‌ನವರ ಮುಂದೆ ನಿಲ್ಲಿಸುತ್ತೇವೆ. ಅದು ಕಿರುಚದೆ ಇನ್ನೇನು ಮಾಡೀತು? ನಮ್ಮನೆಯಲ್ಲಿ ಆ ಮಾತು ಆಡುವುದಿಲ್ಲ. ಆದರೆ ಅಕ್ಕಪಕ್ಕದವರ ಬಾಯಿ ಕಟ್ಟಲು ಆಗುವುದಿಲ್ಲವಲ್ಲ! ಹಾಗಾಗಿ ಆಟ ಆಡಿದೆವು. ಸಾಲಿಗೆ ಊಟದ ಕುರ್ಚಿಗಳು, ಟ್ರೇ ಬದಲು ಬಟ್ಟೆಯ ಬುಟ್ಟಿ, ಯಂತ್ರದ ಜಾಗಕ್ಕೆ ಟೀಪಾಯಿ. ಅಪ್ಪ ಪೊಲೀಸು. ಗೊಂಬೆ ಟೀಪಾಯಿ ಕೆಳಗೆ ಈ ಕಡೆಯಿಂದ ಹೋಗಿ ಆ ಕಡೆ ಬರುತ್ತದೆ, ನಾವು ಹಕ್ಕಿಯ ಹಾಗೆ ಕೈ ಚಾಚಿ ನಿಲ್ಲುತ್ತೇವೆ.

“ಒಳಗೆ ಅದಕ್ಕೆ ಕತ್ತಲೆ ಆಗುದಿಲ್ವಾ?”

ಆಗುತ್ತದೆ, ಫೋಟೋ ತೆಗೆದ ಕೂಡಲೇ ಹೊರಗೆ ಕಳಿಸುತ್ತಾರೆ ಅಂದೆ. ಎಂಜಿನಿಯರ್ ಅಮ್ಮ ಅಷ್ಟಕ್ಕೇ ಬಿಡುತ್ತಾಳೆಯೇ? ಆ ಎಕ್ಸ್‌ರೇ ಫೋಟೋದಲ್ಲಿ ಹತ್ತಿ ತುಂಬಿದ ಗೊಂಬೆ ಕಿತ್ತಳೆ ಬಣ್ಣ, ಸ್ಟೀಲ್ ಬಾಟಲಿ ನೀಲಿ ಬಣ್ಣ ಅಂತಲೂ ವಿವರಿಸಿದೆ. ಅಲ್ಲಿಗೆ ಹೆದರಿಕೆ ಹೋಗಿ ಕುತೂಹಲ ಶುರುವಾಯಿತು.

ಏರ್‌ಪೋರ್ಟಿನಲ್ಲಿ ಮಾತ್ರ ನಾವು ಆಡದೇ ಇದ್ದ ಆಟ ನಡೆಯಿತು. ಗೊಂಬೆಯ ಹೊಟ್ಟೆಯಲ್ಲಿ ಹಾಡುವ ಪುಟ್ಟ ಯಂತ್ರವಿದೆ, ಅದಕ್ಕೆ ಬ್ಯಾಟರಿ. ನಮ್ಮ ಟ್ರೇ ನಮ್ಮ ಕಡೆ ಬರದೆ ಪಕ್ಕದ ಸಾಲಿಗೆ ಹೋಯಿತು. ಮಗಳ ತುಟಿ ನಡುಗತೊಡಗಿತು. ಅಲ್ಲಿದ್ದ ಮಹಿಳಾ ಸಿಬ್ಬಂದಿ ಗೊಂಬೆಯನ್ನು ಎತ್ತಿ, “ಇದರ ಹೆಸರೇನು?” ಅಂತ ಕೇಳಿದರು. ಇವಳು ಹೆಸರು ಹೇಳಿ, “ಅದಕ್ಕೆ ಹೊಟ್ಟೆನೋವಾ?” ಎಂದಳು. ಅವರು ಗಂಭೀರವಾಗಿ ಹೊಟ್ಟೆ ಒತ್ತಿ ನೋಡಿ, ಏನೂ ಇಲ್ಲ, ಕರ್ಕೊಂಡು ಹೋಗಿ ಎಂದರು. ಸಾಲು ಉದ್ದ ಇತ್ತು, ಆದರೂ ಅಷ್ಟು ಹೊತ್ತು ಕೊಟ್ಟರು.

ಟಾಯ್ಲೆಟ್ ಬಗ್ಗೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ವಿಮಾನದ ಫ್ಲಶ್ ನೀರಿನದ್ದಲ್ಲ, ಗಾಳಿ ಎಳೆದುಕೊಳ್ಳುವಂಥದ್ದು. ಆ ಶಬ್ದಕ್ಕೆ ದೊಡ್ಡವರೇ ಬೆಚ್ಚುತ್ತಾರೆ. ಮುಚ್ಚಳ ಹಾಕಿ, ಮಗು ಹೊರಗೆ ಕಾಲಿಟ್ಟ ಮೇಲೆ ಗುಂಡಿ ಒತ್ತಿ.

ಕಿವಿನೋವು ಏರುವಾಗಿಗಿಂತ ಇಳಿಯುವಾಗ ಜಾಸ್ತಿ. ಕೆಳಗೆ ಬಂದಂತೆ ಕ್ಯಾಬಿನ್ನಿನ ಗಾಳಿಯ ಒತ್ತಡ ಹೆಚ್ಚುತ್ತದೆ. ಗಂಟಲಿನಿಂದ ಕಿವಿಗೆ ಹೋಗುವ ಸಣ್ಣ ನಾಳ ತೆರೆದುಕೊಂಡರೆ ಮಾತ್ರ ಎರಡೂ ಕಡೆ ಸಮವಾಗುತ್ತದೆ. ಮಕ್ಕಳಲ್ಲಿ ಆ ನಾಳ ಇನ್ನೂ ಕಿರಿದು. ನುಂಗಿದಾಗ ಅದು ತೆರೆದುಕೊಳ್ಳುತ್ತದೆ. ಆದ್ದರಿಂದ ಇಳಿಯಲು ಶುರುವಾದ ಕೂಡಲೇ ನಿದ್ದೆಯಲ್ಲಿದ್ದರೂ ಎಬ್ಬಿಸಿ, ಸ್ಟ್ರಾ ಹಾಕಿ ನೀರು ಕುಡಿಸಿ. ಹಸುಗೂಸಾದರೆ ಹಾಲು ಕುಡಿಸಿ. ಬೆಂಗಳೂರು–ಮಂಗಳೂರು ಸುಮಾರು ಒಂದು ಗಂಟೆಯ ಹಾರಾಟ. ಏರಿ ಸುಧಾರಿಸಿಕೊಳ್ಳುವಷ್ಟರಲ್ಲಿ ಇಳಿಯುವ ಹೊತ್ತು. ಜೋರು ಶೀತವೋ ಕಿವಿಯ ಸೋಂಕೋ ಇದ್ದರೆ ಹೊರಡುವ ಮೊದಲು ಡಾಕ್ಟರನ್ನು ಕೇಳಿ.

ಇನ್ನು ಟಿಕೆಟ್. ಎರಡು ವರ್ಷ ತುಂಬುವವರೆಗೆ ಮಗು ಮಡಿಲಲ್ಲಿ, ಆಮೇಲೆ ಅದಕ್ಕೂ ಸೀಟು. ವಯಸ್ಸಿನ ದಾಖಲೆ ಜೊತೆಗಿರಲಿ. 12 ವರ್ಷದೊಳಗಿನ ಮಕ್ಕಳಿಗೆ, ಅದೇ ಬುಕಿಂಗ್‌ನಲ್ಲಿರುವ ಅಪ್ಪ ಅಥವಾ ಅಮ್ಮನ ಪಕ್ಕದಲ್ಲೇ ಸೀಟು ಕೊಡಬೇಕು ಎಂದು ಡಿಜಿಸಿಎ 2024ರಲ್ಲಿ ವಿಮಾನ ಕಂಪನಿಗಳಿಗೆ ಸೂಚಿಸಿದೆ. ಬೇರೆ ಬೇರೆ ಸೀಟು ಬಂದರೆ ಕೌಂಟರಿನಲ್ಲಿ ಈ ಮಾತು ಎತ್ತಿ, ಸಂಕೋಚ ಬೇಡ.

ಸಂಕೋಚ ಅಂದಾಗ ನೆನಪಾಯಿತು. ನಾನು ಮೊದಲು ವಿಮಾನ ಹತ್ತಿದ್ದು ಕೆಲಸಕ್ಕೆ ಸೇರಿದ ಮೇಲೆ. ಬೆಲ್ಟ್ ಬಿಚ್ಚುವುದು ಹೇಗೆ ಅಂತ ಪಕ್ಕದವರ ಕೈ ನೋಡಿ ಕಲಿತವಳು. ನಮ್ಮಲ್ಲಿ ಅನೇಕರು ಇವತ್ತಿಗೂ ಏರ್‌ಪೋರ್ಟಿನಲ್ಲಿ ಪರೀಕ್ಷೆಗೆ ಕೂತವರ ಹಾಗಿರುತ್ತೇವೆ. ಮಗು ಮೊದಲು ನೋಡುವುದು ನಮ್ಮ ಮುಖವನ್ನೇ. ಸಾಧ್ಯವಾದರೆ ಅರ್ಧ ಗಂಟೆ ಬೇಗ ಹೋಗಿ. ಗಾಜಿನ ಹತ್ತಿರ ಕೂತು, ಲಗೇಜು ಹೊತ್ತ ಗಾಡಿಗಳು ಸಾಲಾಗಿ ಹೋಗುವುದನ್ನು ತೋರಿಸಿ. ನನ್ನ ಮಗಳಿಗೆ ವಿಮಾನಕ್ಕಿಂತ ಅದೇ ಇಷ್ಟವಾಯಿತು.

ಬಜ್ಪೆಯಲ್ಲಿ ಇಳಿದಾಗ ಧಾರಾಕಾರ ಮಳೆ. ಅಜ್ಜ ಕೊಡೆ ಹಿಡಿದು ಹೊರಗೆ ಕಾಯುತ್ತಿದ್ದರು. ದಾರಿಯುದ್ದಕ್ಕೂ ಗೊಂಬೆಯ ಹೊಟ್ಟೆ ಪರೀಕ್ಷೆಯ ಕತೆ, ಫ್ಲಶ್ಶಿನ ಕತೆ. ಮೋಡದ ಸುದ್ದಿಯೇ ಇಲ್ಲ. ಹತ್ತು ದಿನ ಬಿಟ್ಟು ವಾಪಸ್ ಹೊರಟಾಗ ಅಜ್ಜ ಬ್ಯಾಗ್ ಹಿಡಿದು ನಮ್ಮ ಹಿಂದೆಯೇ ಬಾಗಿಲ ತನಕ ಬಂದರು. ಇವಳು ತಿರುಗಿ ನಿಂತು, ಎರಡೂ ಕೈ ಅಡ್ಡ ಹಿಡಿದು ಹೇಳಿದಳು: “ಅಜ್ಜ, ನೀವು ಒಳಗೆ ಬರ್ಲಿಕ್ಕಿಲ್ಲ. ಇಲ್ಲಿಯೇ ಮೂರು ಸಲ ಟಾಟಾ ಮಾಡಿ.”