ಮೊಲೊಚ್ನಾ ತೀರದ ಪಾಳು ಕಟ್ಟಡಗಳಿಗೆ ಹೊಣೆ ಯಾರು?

ದಕ್ಷಿಣ ಉಕ್ರೇನಿನ ಜಪೋರಿಜಿಯಾ ಪ್ರಾಂತ್ಯದಲ್ಲಿ, ಮೊಲೊಚ್ನಾ ನದಿಯ ಆಸುಪಾಸಿನ ಹಳ್ಳಿಗಳಲ್ಲಿ, ಮೆನ್ನೊನೈಟರು ಕಟ್ಟಿದ ಶಾಲೆ, ಪ್ರಾರ್ಥನಾ ಮಂದಿರ, ಹಿಟ್ಟಿನ ಗಿರಣಿಗಳು ಒಂದೊಂದಾಗಿ ಕುಸಿಯುತ್ತಿವೆ. ಇದಕ್ಕೆ ಕಾಲವನ್ನು ದೂರಿ ಕೈತೊಳೆದುಕೊಳ್ಳುವಂತಿಲ್ಲ. ಸುಟ್ಟ ಇಟ್ಟಿಗೆಯ ದಪ್ಪ ಗೋಡೆ ನೂರು ವರ್ಷಕ್ಕೆ ತಾನಾಗಿ ಬೀಳುವುದಿಲ್ಲ. ಚಾವಣಿ ಹೋದ ಮೇಲೆ ಮಳೆ, ಹಿಮ ಒಳಗಿಳಿದು ಅದನ್ನು ಬೀಳಿಸುತ್ತವೆ. ಚಾವಣಿಯನ್ನು ಹೋಗಗೊಟ್ಟವರು ಮನುಷ್ಯರು.

ಆಯುಧ ಹಿಡಿಯೆವು ಎಂಬ ನಿಷ್ಠೆಯ ಈ ಕ್ರೈಸ್ತರು ವಿಸ್ಟುಲಾ ನದಿ ಕಡಲು ಸೇರುವ ತಗ್ಗು ನಾಡಿನಿಂದ ಬಂದವರು. ರಷ್ಯಾದ ರಾಣಿ ಎರಡನೆಯ ಕ್ಯಾಥರೀನ್ 1763ರಲ್ಲಿ ಹೊರದೇಶದ ರೈತರನ್ನು ಕರೆದಿದ್ದಳು. ಆ ನೀತಿಯ ಆಸರೆಯಲ್ಲಿ 1789ರಲ್ಲಿ ಖೋರ್ಟಿಟ್ಸಾ, 1804ರಲ್ಲಿ ಮೊಲೊಚ್ನಾ ವಸಾಹತುಗಳು ಹುಟ್ಟಿದವು. ಯೊಹಾನ್ ಕಾರ್ನೀಸ್ ಎಂಬ ಕೃಷಿ ಸುಧಾರಕ ಬರಿ ಹುಲ್ಲುಗಾವಲಿನಲ್ಲಿ ಮರ ನೆಡಿಸಿದ, ಬೆಳೆ ಸರದಿ ಕಲಿಸಿದ. ಮುಂದೆ ಕಿವುಡ ಮಕ್ಕಳಿಗೂ ಶಾಲೆ ಬಂತು. ನಮ್ಮ ನೆರೆಯ ನಲ್ಗೊಂಡಕ್ಕೆ ಬಂದ ಮಿಷನರಿ ಅಬ್ರಹಾಂ ಫ್ರೀಸನ್ ಇದೇ ಸಮುದಾಯದವರು.

ಮುಂದಿನದು ನೋವಿನ ಚರಿತ್ರೆ. 1919ರ ಹತ್ಯೆಗಳು, ಬರ, ಇಪ್ಪತ್ತರ ದಶಕದಲ್ಲಿ ಕೆನಡಾಕ್ಕೆ ವಲಸೆ, 1941ರ ಗಡೀಪಾರು, 1943ರಲ್ಲಿ ಸೋತು ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆಯೊಡನೆ ಉಳಿದವರ ನಿರ್ಗಮನ. ಊರುಗಳ ಹೆಸರು ಬದಲಾದವು, ಮನೆಗಳಿಗೆ ಬೇರೆಯವರು ಬಂದರು. ಸೋವಿಯತ್ ಆಡಳಿತ ಮಂದಿರಗಳನ್ನು ಕಾಳಿನ ಉಗ್ರಾಣ ಮಾಡಿತು. ಅದು ಅವಮಾನವೇ ಸರಿ. ಆದರೆ ಉಗ್ರಾಣಕ್ಕೂ ಸೂರು ಬೇಕಿತ್ತು, ಯಾರೋ ಒಬ್ಬರು ಸೋರಿಕೆ ಮುಚ್ಚುತ್ತಿದ್ದರು. ಸಾಮೂಹಿಕ ಬೇಸಾಯದ ವ್ಯವಸ್ಥೆ ಕುಸಿದ ಮೇಲೆ ಆ ಕೆಲಸವೂ ನಿಂತಿತು. ನಮ್ಮ ಮೊದಲ ಆರೋಪ ಇಲ್ಲಿಯೇ: ಸ್ವತಂತ್ರ ಉಕ್ರೇನಿನ ಆಡಳಿತ ಈ ಕಟ್ಟಡಗಳನ್ನು ಬೇರೆಯವರ ಆಸ್ತಿಯೆಂಬಂತೆ ಕಂಡಿತು.

ಎರಡನೆಯದು ವಂಶಸ್ಥರ ಮೇಲೆ. ಕೆನಡಾ, ಅಮೆರಿಕಗಳಿಂದ ತಂಡತಂಡವಾಗಿ ಬಂದು, ಮುತ್ತಜ್ಜಿಯ ಶಾಲೆಯ ಮುಂದೆ ಫೋಟೊ ತೆಗೆಸಿಕೊಂಡು ಹಿಂತಿರುಗಿದವರು ಬಹಳ; ಚಾವಣಿಗೆ ಹಣ ಕೊಟ್ಟವರು ಕೆಲವರು ಮಾತ್ರ. ಆ ಕೆಲವರು ಮಾಡಿದ್ದನ್ನು ಮನಸಾರೆ ಮೆಚ್ಚಬೇಕು. ಹಿಂದೆ ಹಾಲ್ಬ್‌ಷ್ಟಾಟ್ ಎನಿಸಿದ್ದ ಮೊಲೊಚಾನ್ಸ್ಕ್‌ನಲ್ಲಿ ಹಳೆಯ ಹೆಣ್ಣುಮಕ್ಕಳ ಶಾಲೆಯನ್ನು ದುರಸ್ತಿ ಮಾಡಿ ಮೆನ್ನೊನೈಟ್ ಕೇಂದ್ರ ತೆರೆದರು. ಅದನ್ನು ವಸ್ತುಸಂಗ್ರಹಾಲಯ ಮಾಡಿ ಬೀಗ ಹಾಕಲಿಲ್ಲ. ಊರಿನ ಮುದುಕರಿಗೆ, ರೋಗಿಗಳಿಗೆ, ಮಕ್ಕಳಿಗೆ ಅದು ನೆರವಿನ ತಾಣವಾಯಿತು. ಹಿಂದಿನ ಪೀಟರ್ಸ್‌ಹಾಗನ್, ಇಂದಿನ ಕುತುಜೋವ್ಕಾದಲ್ಲಿ ಉಗ್ರಾಣವಾಗಿದ್ದ 1892ರ ಮಂದಿರದಲ್ಲಿ ಮತ್ತೆ ಪ್ರಾರ್ಥನೆ ನಡೆಯಿತು. ಈಗ ಅಲ್ಲಿ ಬಾಳುತ್ತಿರುವವರಿಗೆ ಉಪಯೋಗವಾಗದ ಜೀರ್ಣೋದ್ಧಾರ ಹೊರಗಿನವರ ಶೋಕಿಯಷ್ಟೆ, ಅದಕ್ಕೆ ನಮ್ಮ ಬೆಂಬಲವಿಲ್ಲ.

ಗೋಡೆ ನಿಲ್ಲಿಸುವಾಗ ಚರಿತ್ರೆಯನ್ನು ಸೋಸುವುದೂ ಸಲ್ಲದು. ಮೆನ್ನೊನೈಟರ ಸಿರಿ ಬರಿ ದುಡಿಮೆಯಿಂದ ಬಂದದ್ದಲ್ಲ. ಆ ನೆಲದಲ್ಲಿ ಮೊದಲು ನೊಗಾಯ್ ಜನ ದನಕುರಿ ಮೇಯಿಸುತ್ತಿದ್ದರು. ಹೊಲಮನೆಗಳಲ್ಲಿ ಉಕ್ರೇನಿನ ಆಳುಗಳು ದುಡಿದರು. 1860ರ ವೇಳೆಗೆ ವಸಾಹತಿನೊಳಗೇ ಭೂಮಿಯಿಲ್ಲದ ಕುಟುಂಬಗಳೇ ಹೆಚ್ಚಾಗಿ, ಉಳ್ಳವರ ಜೊತೆ ದೊಡ್ಡ ಜಗಳ ನಡೆಯಿತು. ನಾಜಿ ಆಕ್ರಮಣದ ಕಾಲದಲ್ಲಿ ಕೆಲವರು ಆ ಆಡಳಿತಕ್ಕೆ ಕೈಜೋಡಿಸಿದರು. ಅದೇ ಕಾಲದಲ್ಲಿ ಅದೇ ಸೀಮೆಯ ಯಹೂದಿಗಳ ಕೊಲೆಯಾಯಿತು. ಫಲಕ ಬರೆಸುವವರು ಇದನ್ನೂ ಬರೆಸಬೇಕು. ತಮ್ಮವರ ಸಂಕಟವನ್ನಷ್ಟೇ ಕೆತ್ತಿಸುವವರಿಗೆ ಸಾರ್ವಜನಿಕ ಹಣ ಕೊಡಬಾರದು.

ಈಗ ಅತಿ ದೊಡ್ಡ ಹೊಣೆಗಾರ ರಷ್ಯಾ. 2022ರಿಂದ ಮೊಲೊಚಾನ್ಸ್ಕ್ ಅದರ ಸೇನೆಯ ವಶದಲ್ಲಿದೆ. ಆಕ್ರಮಿಸಿದ ನೆಲದಲ್ಲಿ ಸಾಂಸ್ಕೃತಿಕ ಆಸ್ತಿಯನ್ನು ಕಾಪಾಡಲು ಆಕ್ರಮಿಸಿದವರು ಆ ದೇಶದ ಅಧಿಕಾರಿಗಳಿಗೆ ನೆರವಾಗಬೇಕೆಂದು 1954ರ ಹೇಗ್ ಒಪ್ಪಂದದ 5ನೆಯ ವಿಧಿ ಹೇಳುತ್ತದೆ. ಆ ಒಪ್ಪಂದಕ್ಕೆ ರಷ್ಯಾವೂ ಬದ್ಧ. ಉರುಳುವ ಪ್ರತಿ ಗೋಡೆಯ ಲೆಕ್ಕವನ್ನು ಅದರಿಂದ ಕೇಳಲೇಬೇಕು.

ಯುದ್ಧ ಮುಗಿಯಲಿ ಎಂದು ಕಾಯುವುದೂ ತಪ್ಪು. ವಂಶಸ್ಥರ ಅಟ್ಟಗಳಲ್ಲಿರುವ ನಕ್ಷೆ, ಪತ್ರ, ಫೋಟೊಗಳನ್ನು ಈಗಲೇ ಒಟ್ಟುಗೂಡಿಸಿ ಒಂದೊಂದು ಕಟ್ಟಡದ ದಾಖಲೆ ಮಾಡಿಡಬೇಕು. ಒಡೆತನ ಯಾರದೆಂದು ಕೀವ್ ಸರ್ಕಾರ ಕಾನೂನಿನಲ್ಲಿ ತೀರ್ಮಾನಿಸಬೇಕು. ದುರಸ್ತಿಯಲ್ಲಿ ಮೊದಲ ಹಣ ಚಾವಣಿಗೆ ಹೋಗಬೇಕು, ಮುಂಬದಿಯ ಅಲಂಕಾರಕ್ಕಲ್ಲ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಉಳಿದು ಇಟ್ಟಿಗೆ ಪುಡಿಯಾಗುತ್ತದೆ. ಆದ್ದರಿಂದ ಸುಣ್ಣದ ಕೆಲಸ ಬಲ್ಲ ಗಾರೆಯವರನ್ನು ಇಂದಿನಿಂದಲೇ ತರಬೇತಿಗೊಳಿಸಬೇಕು, ಅದೂ ಆ ಹಳ್ಳಿಗಳಿಂದ ಓಡಿಬಂದು ಜಪೋರಿಜಿಯಾ ನಗರದಲ್ಲಿ ದಿನ ದೂಡುತ್ತಿರುವ ಯುವಕರಲ್ಲೇ ಆರಿಸಿ. ಅದಕ್ಕೆ ಬೇಕಾದ ಹಣವನ್ನು ವಂಶಸ್ಥರು ಈ ವರ್ಷವೇ ಕೊಡಲಿ.